ಹಿಮ್ಮೇಳ ಹೆಣೆಯುವವರ ಕಿವಿ

ಯಕ್ಷಗಾನವನ್ನು ಬಲ್ಲವರಿಗೆ ಹಿಮ್ಮೇಳವೆಂದರೇನೆಂದು ವಿವರಿಸಬೇಕಾಗಿಲ್ಲ. ಭಾಗವತರ ಪದ್ಯಕ್ಕೆ ಮದ್ದಳೆ ಒತ್ತಾಸೆಯಾಗಿ ನಿಂತು, ಚೆಂಡೆಯ ಪೆಟ್ಟು ವೇಷಧಾರಿಯ ಹೆಜ್ಜೆಗೆ ಹುರುಪನ್ನಿತ್ತು, ಶ್ರುತಿಯು ಎಡೆಬಿಡದೆ ಹರಿಯುತ್ತಿದ್ದರೆ ಮಾತ್ರ ರಂಗಸ್ಥಳಕ್ಕೆ ಕಳೆ. ಮುಂಬಯಿಯ ಸಭಾಗೃಹಗಳಲ್ಲಿ ಆಟ ನಡೆದಾಗ ಆ ಹಿಮ್ಮೇಳದ ಕಲಾವಿದರು ಪ್ರೇಕ್ಷಕರ ಕಣ್ಣಿಗೆ ಕಾಣುತ್ತಾರೆ. ಅದೇ ನಗರದ ಯಾವುದೋ ಕಟ್ಟಡದ ನಾಲ್ಕನೆಯ ಮಾಳಿಗೆಯಲ್ಲಿ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು, ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಕುಳಿತ ತರುಣನೂ ಹಿಮ್ಮೇಳವನ್ನೇ ಹೆಣೆಯುತ್ತಿರುತ್ತಾನೆ. ಆದರೆ ಅವನನ್ನು ನೋಡುವವರಿಲ್ಲ. ಅವನು ಹುಟ್ಟಿಸುವ ಸದ್ದು ಪಕ್ಕದ ಕೋಣೆಯಲ್ಲಿರುವ ತಾಯಿಗೂ ಕೇಳಿಸುವುದಿಲ್ಲ.

ಈ ಕೆಲಸಕ್ಕೆ ಆ ವಲಯದಲ್ಲಿ ‘ಬೀಟ್’ ತಯಾರಿಸುವುದೆಂದು ಹೆಸರು. ಬೀಟ್ ಎಂದರೆ ಕೇವಲ ತಾಳದ ಪೆಟ್ಟಲ್ಲ. ಹಾಡುವ ಕಂಠವೊಂದನ್ನು ಬಿಟ್ಟು ಉಳಿದುದೆಲ್ಲವೂ, ಅಂದರೆ ಡ್ರಮ್, ಮಂದ್ರದ ನಾದ, ಸ್ವರಮಾಲೆ, ನಡುನಡುವಿನ ಚಮತ್ಕಾರದ ಧ್ವನಿಗಳು ಇವೆಲ್ಲ ಕೂಡಿದ್ದು ಬೀಟ್. ರ್‍ಯಾಪ್ ಹಾಡುವವರು, ಪಾಪ್ ಗಾಯಕರು, ಜಾಹೀರಾತಿನವರು ತಮಗೆ ಬೇಕಾದಂತೆ ಹೇಳಿ ಮಾಡಿಸಿಕೊಳ್ಳುತ್ತಾರೆ. ಯಾವ ಕಂಪೆನಿಯ ನೌಕರಿಯೂ ಇಲ್ಲದೆ, ಒಂದೊಂದು ಕೆಲಸಕ್ಕೆ ಒಂದೊಂದು ಕರಾರಿನಂತೆ ದುಡಿಯುವ ಇಂತಹ ತರುಣ ತರುಣಿಯರು ಇಂದು ಮಹಾನಗರಗಳ ಕನ್ನಡ ಮನೆಗಳಲ್ಲಿಯೂ ಇದ್ದಾರೆ. ಹಗಲು ಮಲಗಿ ರಾತ್ರಿ ಎಚ್ಚರವಿರುವ ಮಗ ಏನು ಉದ್ಯೋಗ ಮಾಡುತ್ತಾನೆಂದು ನೆಂಟರು ಕೇಳಿದರೆ ಉತ್ತರ ಹೊಳೆಯದೆ ತಡವರಿಸುವ ತಂದೆತಾಯಿಗಳಿಗೆ ಈ ಉದ್ಯೋಗದ ಸ್ವರೂಪ ತಿಳಿದಿರುವುದು ಒಳ್ಳೆಯದು. ಅದಕ್ಕಿಂತಲೂ ಮುಖ್ಯವಾಗಿ, ಆ ಉದ್ಯೋಗದ ಏಕೈಕ ಬಂಡವಾಳವಾದ ಕಿವಿ ಹೇಗೆ ಸದ್ದಿಲ್ಲದೆ ಸವೆಯುತ್ತದೆಂಬುದು ತಿಳಿದಿರಬೇಕು.

ವೃತ್ತಿ ಹೊಸದೆನಿಸಿದರೂ ಅದಕ್ಕೆ ಅರ್ಧ ಶತಮಾನದ ಚರಿತ್ರೆಯಿದೆ. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ ಕೂಲ್ ಹರ್ಕ್ ಎಂಬ ತರುಣನು ಗ್ರಾಮಾಫೋನ್ ತಟ್ಟೆಗಳಲ್ಲಿ ಹಾಡು ನಿಂತು ಡ್ರಮ್ ಮಾತ್ರ ನುಡಿಯುವ ತುಣುಕುಗಳನ್ನು ಮತ್ತೆ ಮತ್ತೆ ನುಡಿಸಿ ಕುಣಿಯುವವರನ್ನು ರಂಜಿಸಿದ್ದೇ ಇದರ ಮೂಲ. 1980ರಲ್ಲಿ ಜಪಾನಿನ ರೋಲಂಡ್ ಕಂಪೆನಿ ಟಿಆರ್-808 ಎಂಬ ತಾಳಯಂತ್ರವನ್ನು ಹೊರತಂದಿತು. ನಿಜವಾದ ಡ್ರಮ್ಮಿನಂತೆ ಅದು ಕೇಳಿಸುವುದಿಲ್ಲವೆಂದು ಅಂದಿನವರು ಮೂಗು ಮುರಿದರು. ಕೆಲವೇ ವರ್ಷಗಳಲ್ಲಿ ತಯಾರಿಕೆಯೂ ನಿಂತಿತು. ಹಳೆಯ ಸಾಮಾನಿನ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಕ್ಕಿದ ಆ ಯಂತ್ರವನ್ನು ಬಡ ಸಂಗೀತಗಾರರು ಕೊಂಡೊಯ್ದರು. ಅದರ ದೀರ್ಘವಾಗಿ ಗುಮ್ಮೆನ್ನುವ ಮಂದ್ರನಾದವೇ ಇಂದು ರ್‍ಯಾಪ್ ಸಂಗೀತದ ಬೆನ್ನೆಲುಬಾಗಿದೆ. ಮುಂಬಯಿಗೂ ಇದರಲ್ಲಿ ಪಾಲುಂಟು. ಹಿಂದೀ ಚಿತ್ರಸಂಗೀತದಲ್ಲಿ ವಾದ್ಯಗಾರರಾಗಿದ್ದ ಚರಣ್‌ಜಿತ್ ಸಿಂಗ್ ಅವರು 1982ರಲ್ಲಿ ಇದೇ 808ನ್ನೂ ರೋಲಂಡಿನ ಇತರ ಯಂತ್ರಗಳನ್ನೂ ಬಳಸಿ ಹತ್ತು ರಾಗಗಳನ್ನು ಡಿಸ್ಕೋ ಲಯಕ್ಕೆ ಅಳವಡಿಸಿ ಒಂದು ತಟ್ಟೆಯನ್ನು ಹೊರತಂದರು. ಆಗ ಅದನ್ನು ಕೇಳಿದವರು ವಿರಳ. 2010ರಲ್ಲಿ ಅದು ವಿದೇಶದಲ್ಲಿ ಮರುಮುದ್ರಣಗೊಂಡಾಗ, ಕಾಲಕ್ಕಿಂತ ಮುಂದಿದ್ದ ಪ್ರಯೋಗವೆಂದು ಜಗತ್ತು ಬೆರಗಾಯಿತು. 1997ರಲ್ಲಿ ಬೆಲ್ಜಿಯಮ್ ದೇಶದಿಂದ ಬಂದ ಫ್ರೂಟಿಲೂಪ್ಸ್ ಮೊದಲಾದ ಕಂಪ್ಯೂಟರ್ ಸಾಧನಗಳು ಇಡೀ ಸ್ಟುಡಿಯೋವನ್ನು ಮೇಜಿನ ಮೇಲೆ ತಂದಿಟ್ಟವು. ಯಂತ್ರ ಕೊಳ್ಳಲು ಹಣವಿಲ್ಲದವನಿಗೂ ದಾರಿ ತೆರೆಯಿತು.

ಹೇಳಿ ಮಾಡಿಸುವ ಬೀಟಿನ ಕ್ರಮ ದರ್ಜಿಯ ಕೆಲಸವನ್ನು ಹೋಲುತ್ತದೆ. ಗಾಯಕನು ತನಗೆ ಮೆಚ್ಚಿಗೆಯಾದ ಒಂದೆರಡು ಹಾಡುಗಳನ್ನು ಮಾದರಿಯಾಗಿ ಕಳುಹಿಸುತ್ತಾನೆ. ತಯಾರಕನು ಅಳತೆ ತೆಗೆದುಕೊಳ್ಳುತ್ತಾನೆ: ನಿಮಿಷಕ್ಕೆ ಎಷ್ಟು ಮಾತ್ರೆಗಳ ನಡೆ ಬೇಕು, ಕಂಠ ಯಾವ ಶ್ರುತಿಗೆ ಹಿತವಾಗಿ ಕೂರುತ್ತದೆ, ಪಲ್ಲವಿ ಎಷ್ಟು ಉದ್ದ, ಭಾವ ಕೋಪದ್ದೋ ವಿಷಾದದ್ದೋ. ಹಳೆಯ ಬಗೆಯ ಹಿಪ್-ಹಾಪ್ ನಿಮಿಷಕ್ಕೆ 90ರ ಆಸುಪಾಸಿನಲ್ಲಿ ನಡೆದರೆ, ‘ಟ್ರ್ಯಾಪ್’ ಎಂಬ ಹೊಸ ಬಗೆಯು 140ರ ಸುಮಾರಿನಲ್ಲಿ ಓಡುತ್ತದೆ. ಆದರೆ ಡ್ರಮ್ಮಿನ ಮುಖ್ಯ ಪೆಟ್ಟು ಅರ್ಧ ವೇಗದಲ್ಲಿ ಬೀಳುವುದರಿಂದ ಕೇಳುವವನಿಗೆ ಅದು ವಿಳಂಬವೆನಿಸುತ್ತದೆ. ವಿಳಂಬ ಕಾಲದಲ್ಲಿ ಕಟ್ಟಿ ದ್ರುತದಲ್ಲಿ ನುಡಿಯುವ ಜಾಣ್ಮೆ ಕರ್ನಾಟಕ ಸಂಗೀತ ಕೇಳಿದವರಿಗೆ ಹೊಸದೇನಲ್ಲ. ಅರ್ಧ ಹಣ ಮುಂಗಡ ಪಡೆದು ಕರಡನ್ನು ಕಳುಹಿಸುವುದು, ಹಣ ಪೂರ್ತಿ ಬರುವವರೆಗೆ ಕರಡಿನ ನಡುವೆ ತನ್ನ ಹೆಸರಿನ ಕೂಗೊಂದನ್ನು ಮುದ್ರೆಯಂತೆ ಒತ್ತಿರುವುದು, ಎರಡು ಮೂರು ಸಲ ತಿದ್ದಿಕೊಡುವುದು, ಕಡೆಗೆ ಪ್ರತಿಯೊಂದು ವಾದ್ಯವನ್ನೂ ಬಿಡಿಬಿಡಿಯಾಗಿ ಒಪ್ಪಿಸುವುದು, ಇದು ರೂಢಿ. ‘ಇನ್ನೊಂದು ಸಲ ಸ್ವಲ್ಪ ಬದಲಿಸಿ’ ಎಂಬ ಮಾತಿಗೆ ಮಿತಿ ಹಾಕದವನ ದುಡಿಮೆ ಕೈಗೆ ಬರುವುದಿಲ್ಲ.

ಇದಲ್ಲದೆ ಸಿದ್ಧ ಉಡುಪಿನಂತೆ ಮೊದಲೇ ತಯಾರಿಸಿಟ್ಟ ಬೀಟ್‌ಗಳನ್ನು ಅಂತರಜಾಲದ ಮಳಿಗೆಗಳಲ್ಲಿ ಮಾರುವ ಕ್ರಮವೂ ಇದೆ. ಅಲ್ಲಿ ಕಡಿಮೆ ಬೆಲೆಗೆ ದೊರಕುವುದು ಬಳಕೆಯ ಅನುಮತಿ ಮಾತ್ರ; ಅದೇ ಬೀಟನ್ನು ಇನ್ನೂ ಹತ್ತು ಮಂದಿ ಬಾಡಿಗೆಗೆ ಪಡೆಯಬಹುದು. ಹೆಚ್ಚು ಹಣ ಕೊಟ್ಟವನಿಗೆ ಮಾತ್ರ ಏಕಸ್ವಾಮ್ಯ. ನೆದರ್ಲೆಂಡ್ಸಿನ ಹದಿಹರೆಯದ ತರುಣನೊಬ್ಬನು ಯಂಗ್‌ಕಿಯೋ ಎಂಬ ಹೆಸರಿನಲ್ಲಿ ಹೀಗೆ ಇಟ್ಟಿದ್ದ ಬೀಟೊಂದನ್ನು ಅಮೆರಿಕದ ಲಿಲ್ ನಾಸ್ ಎಕ್ಸ್ ಎಂಬ ಅಪರಿಚಿತ ಗಾಯಕನು 30 ಡಾಲರಿಗೆ ಕೊಂಡನು. ಅದರ ಮೇಲೆ ಹಾಡಿದ ‘ಓಲ್ಡ್ ಟೌನ್ ರೋಡ್’ 2019ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 19 ವಾರ ಮೊದಲ ಸ್ಥಾನದಲ್ಲಿ ನಿಂತು ಅದುವರೆಗಿನ ದಾಖಲೆಗಳನ್ನು ಮುರಿಯಿತು. ಆ ಬೀಟಿನಲ್ಲಿ ನೈನ್ ಇಂಚ್ ನೈಲ್ಸ್ ಎಂಬ ವಾದ್ಯತಂಡದ ಹಳೆಯ ಕೃತಿಯ ತುಣುಕೊಂದು ಸೇರಿದ್ದುದರಿಂದ ಆ ಕೃತಿಯ ಕರ್ತೃಗಳ ಹೆಸರನ್ನೂ ಹಾಡಿನ ರಚನಕಾರರಲ್ಲಿ ಸೇರಿಸಬೇಕಾಯಿತು. ಹಳೆಯ ಚಿತ್ರಗೀತೆಯ ನಾಲ್ಕು ಸೆಕೆಂಡುಗಳನ್ನು ‘ಯಾರಿಗೆ ಗೊತ್ತಾಗುತ್ತದೆ’ ಎಂದು ಕತ್ತರಿಸಿಕೊಳ್ಳುವವರು ಇದನ್ನು ನೆನಪಿನಲ್ಲಿಡುವುದು ಲೇಸು.

ಕಾನೂನಿನ ವಿಷಯದಲ್ಲಿ ಎರಡು ಮಾತು ಸಾಕು. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿಯ ನಂತರ, ಸ್ವರಲಿಪಿಯಲ್ಲಿ ಬರೆದಿಡದ ಸಂಗೀತಕ್ಕೂ ಕರ್ತೃತ್ವದ ರಕ್ಷಣೆ ಇದೆ. ಲಿಪಿ ಬಾರದ ತರುಣನೂ ಸಂಗೀತ ರಚನಕಾರನೇ. ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಸಹಿ ಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷಕ್ಕೆ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದು ಕಾಯಿದೆ ಭಾವಿಸುತ್ತದೆ. 2012ರ ತಿದ್ದುಪಡಿಯು ರಚನಕಾರನ ಗೌರವಧನದ ಪಾಲನ್ನು ಸುಲಭವಾಗಿ ಬರೆಸಿಕೊಳ್ಳಲಾಗದಂತೆ ಕಾಪಾಡಿದೆ. ಇದನ್ನು ಸಂಗ್ರಹಿಸಿ ಹಂಚುವ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ 1969ರಿಂದ ಇದೆ, ಅದರ ಕಚೇರಿ ಮುಂಬಯಿಯಲ್ಲಿಯೇ ಇದೆ. ವಾಟ್ಸಾಪಿನಲ್ಲಿ ‘ಆಯ್ತು ಭಾಯ್’ ಎಂದು ಮುಗಿಸುವ ವ್ಯವಹಾರಕ್ಕೆ ಬದಲಾಗಿ ಒಂದು ಪುಟದ ಕರಾರುಪತ್ರ ಬರೆದುಕೊಂಡರೆ ಮುಂದಿನ ಜಗಳಗಳು ಎಷ್ಟೋ ತಪ್ಪುತ್ತವೆ.

ಕಾಗದಪತ್ರದಲ್ಲಿ ಆದ ನಷ್ಟವನ್ನು ಮುಂದಿನ ಕೆಲಸದಲ್ಲಿ ತುಂಬಿಕೊಳ್ಳಬಹುದು. ಕಿವಿಯ ಮಾತು ಬೇರೆ.

ಕರ್ಣಪಟಲಕ್ಕೆ ತಾಗಿದ ಶಬ್ದದ ಕಂಪನವು ಮೂರು ಪುಟ್ಟ ಎಲುಬುಗಳ ಮೂಲಕ ಒಳಗಿವಿಯ ಶಂಖವನ್ನು ಸೇರುತ್ತದೆ. ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುತ್ತಿಕೊಂಡ ಈ ದ್ರವ ತುಂಬಿದ ನಾಳದಲ್ಲಿ ಸುಮಾರು 15,000 ರೋಮಕೋಶಗಳಿವೆ. ಬಾಗಿಲ ಬಳಿಯ ಕೋಶಗಳು ತಾರನಾದವನ್ನೂ, ಒಳತುದಿಯವು ಮಂದ್ರನಾದವನ್ನೂ ಗ್ರಹಿಸಿ, ನರದ ಮೂಲಕ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಪಕ್ಷಿಗಳಲ್ಲಿ ಸತ್ತ ರೋಮಕೋಶಗಳು ಮತ್ತೆ ಹುಟ್ಟುತ್ತವೆ. ಮನುಷ್ಯನಲ್ಲಿ ಹುಟ್ಟುವುದಿಲ್ಲ. ಹುಟ್ಟುವಾಗ ತಂದ ಆ ಹದಿನೈದು ಸಾವಿರದಲ್ಲಿಯೇ ಬಾಳು ಸಾಗಬೇಕು.

ದೊಡ್ಡ ಸದ್ದಿಗೆ ಸಿಕ್ಕಿದ ಕೋಶಗಳು ಮೊದಲು ದಣಿಯುತ್ತವೆ. ಆಗ ಕಿವಿ ಮಂದವಾಗುತ್ತದೆ, ಒಳಗೆ ಗುಂಯ್ ಎನ್ನುತ್ತದೆ. ಒಂದು ರಾತ್ರಿಯ ವಿಶ್ರಾಂತಿಯಲ್ಲಿ, ಕೆಲವೊಮ್ಮೆ ಎರಡು ದಿನಗಳಲ್ಲಿ ಸರಿಹೋಗುತ್ತದೆ. ರಾತ್ರಿ ಎರಡು ಗಂಟೆಗೆ ಹದವಾಗಿ ಕೇಳಿಸಿದ ಬೀಟ್ ಬೆಳಗ್ಗೆ ಕರ್ಕಶವಾಗಿ ಕೇಳಿಸುವುದಕ್ಕೆ ಇದೂ ಒಂದು ಕಾರಣ. ದಣಿದ ಕಿವಿಗೆ ತಾರನಾದ ಕಡಿಮೆ ಕೇಳಿಸುವುದರಿಂದ ತಯಾರಕನು ಅದನ್ನು ಬೇಕಾದುದಕ್ಕಿಂತ ಹೆಚ್ಚು ಏರಿಸಿರುತ್ತಾನೆ. ದಣಿವು ದಿನವೂ ಮರುಕಳಿಸಿದರೆ ಕೋಶಗಳು ಸಾಯುತ್ತವೆ. ಕಿವಿ ಪೂರ್ತಿ ಚೇತರಿಸಿಕೊಂಡಂತೆ ಕಂಡರೂ ಕೋಶ ಮತ್ತು ನರಗಳ ನಡುವಣ ಸಂಪರ್ಕ ಒಳಗೊಳಗೇ ಕಳಚಿರಬಹುದೆಂದು 2009ರಲ್ಲಿ ಬಾಸ್ಟನ್ನಿನ ಸಂಶೋಧಕರಾದ ಕುಜಾವಾ ಮತ್ತು ಲಿಬರ್‌ಮನ್ ಇಲಿಗಳಲ್ಲಿ ತೋರಿಸಿಕೊಟ್ಟರು. ಮನುಷ್ಯರಲ್ಲಿ ಇದು ಎಷ್ಟರ ಮಟ್ಟಿಗೆ ನಡೆಯುತ್ತದೆಂಬ ಚರ್ಚೆ ಇನ್ನೂ ಮುಗಿದಿಲ್ಲವಾದರೂ, ‘ನಾಳೆ ಸರಿಹೋಗುತ್ತದೆ’ ಎಂಬ ಧೈರ್ಯಕ್ಕೆ ಅದು ಪೆಟ್ಟು ಕೊಟ್ಟಿದೆ.

ಶಬ್ದದಿಂದಾಗುವ ಕಿವುಡು ಸಾಮಾನ್ಯವಾಗಿ ಸೆಕೆಂಡಿಗೆ 3,000ದಿಂದ 6,000 ಕಂಪನಗಳ ನಡುವೆ, ಬಹಳವಾಗಿ 4,000ದ ಬಳಿ, ಒಂದು ಹಳ್ಳದಂತೆ ಮೊದಲಾಗುತ್ತದೆ. ಹಾಡಿನಲ್ಲಿ ಅಕ್ಷರಗಳ ಸ್ಪಷ್ಟತೆ, ಡ್ರಮ್ಮಿನ ಪೆಟ್ಟಿನ ಚುರುಕು ಇರುವುದು ಈ ಭಾಗದಲ್ಲಿಯೇ. ಮಂದ್ರನಾದ ಚೆನ್ನಾಗಿಯೇ ಕೇಳಿಸುತ್ತಿರುವುದರಿಂದ ತನಗೆ ಏನೂ ಆಗಿಲ್ಲವೆಂದು ತರುಣನು ತಿಳಿಯುತ್ತಾನೆ. ಮನೆಯವರ ಮಾತು ಕೇಳಿಸುತ್ತದೆ, ಅರ್ಥವಾಗುವುದಿಲ್ಲ, ‘ಏನಂದಿರಿ?’ ಎಂದು ಕೇಳುವುದು ಹೆಚ್ಚಾಗುತ್ತದೆ. ಅದನ್ನು ಮನೆಯವರು ಅಸಡ್ಡೆಯೆಂದು ಭಾವಿಸಿ ಗದರುವುದೂ ಉಂಟು.

ಮುಂಬಯಿಯ ಹಿರಿಯ ಕನ್ನಡಿಗರಲ್ಲಿ ಬಟ್ಟೆ ಗಿರಣಿಗಳನ್ನು ಕಂಡವರಿದ್ದಾರೆ. ನೇಯ್ಗೆಯ ಖಾತೆಯಲ್ಲಿ ದುಡಿದವರು ನಿವೃತ್ತಿಯ ವೇಳೆಗೆ ಕಿವಿ ಮಂದವಾಗಿ, ತುಟಿಯ ಚಲನೆ ನೋಡಿ ಮಾತು ತಿಳಿಯುತ್ತಿದ್ದರು. ಆ ಕಷ್ಟಕ್ಕೆ ಒಂದು ಹೆಸರಾದರೂ ಇತ್ತು: 1948ರ ಕಾರ್ಖಾನೆಗಳ ಕಾಯಿದೆಯ ರೋಗಗಳ ಪಟ್ಟಿಯಲ್ಲಿ ಶಬ್ದದಿಂದಾದ ಕಿವುಡನ್ನು ಮುಂದೆ ಸೇರಿಸಲಾಯಿತು, ಹೇಳಿಕೊಳ್ಳಲು ಒಬ್ಬ ಮಾಲಿಕನಿದ್ದನು, ಪಾಳಿ ಮುಗಿದೊಡನೆ ಸೈರನ್ ಕೂಗುತ್ತಿತ್ತು. ಸ್ವತಂತ್ರವಾಗಿ ಬೀಟ್ ಮಾಡುವವನಿಗೆ ಪಾಳಿಯಿಲ್ಲ. ನ್ಯೂಯಾರ್ಕಿನ ಗಿರಾಕಿಗೆ ಮಧ್ಯಾಹ್ನವಾದಾಗ ಇಲ್ಲಿ ರಾತ್ರಿ; ಆತನ ಸಂದೇಶ ಬಂದಾಗಲೆಲ್ಲ ಹೆಡ್‌ಫೋನ್ ಮತ್ತೆ ಕಿವಿಗೇರುತ್ತದೆ.

ಹೆಡ್‌ಫೋನೇ ಏಕೆ? ಚಾಳಿನಲ್ಲಾಗಲಿ, ಒಂದು ಕೋಣೆ ಅಡುಗೆಮನೆಯ ಬ್ಲಾಕಿನಲ್ಲಾಗಲಿ ರಾತ್ರಿ ಸ್ಪೀಕರ್ ಹಾಕಿದರೆ ನೆರೆಯವರು ಬಾಗಿಲು ತಟ್ಟುತ್ತಾರೆ. ಇದಕ್ಕೆ ಮನುಷ್ಯನ ಕಿವಿಯ ಸ್ವಭಾವವೊಂದು ಸೇರಿಕೊಳ್ಳುತ್ತದೆ. ಸದ್ದು ಸಣ್ಣದಾಗಿದ್ದಾಗ ಕಿವಿಯು ಮಂದ್ರನಾದವನ್ನು ಬಹಳ ಕಡಿಮೆ ಗ್ರಹಿಸುತ್ತದೆಂದು 1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ಫ್ಲೆಚರ್ ಮತ್ತು ಮನ್ಸನ್ ಅಳೆದು ತೋರಿಸಿದರು. ಮೆಲುದನಿಯ ಮಟ್ಟದಲ್ಲಿ ಸೆಕೆಂಡಿಗೆ 50 ಕಂಪನಗಳ ನಾದವು 1,000 ಕಂಪನಗಳ ನಾದದಷ್ಟೇ ಕೇಳಿಸಬೇಕಾದರೆ ಅದು ಮೂವತ್ತಕ್ಕೂ ಹೆಚ್ಚು ಡೆಸಿಬೆಲ್ ಬಲವಾಗಿರಬೇಕು. 808ರ ಗುಮ್ಮೆನ್ನುವ ನಾದ ಇರುವುದು ಈ ಕೆಳಗಣ ಸ್ತರದಲ್ಲಿಯೇ. ಅದು ಎದೆಗೆ ತಾಗುವಂತೆ ಕೇಳಬೇಕೆಂಬ ಆಸೆಯಿಂದ ತರುಣನು ಗುಂಡಿಯನ್ನು ತಿರುಗಿಸುತ್ತಾನೆ; ಮಂದ್ರದೊಡನೆ ಉಳಿದ ನಾದಗಳೆಲ್ಲವೂ ಏರುತ್ತವೆ. ಹಾಳಾಗುವುದು ತಾರನಾದವನ್ನು ಗ್ರಹಿಸುವ ಕೋಶಗಳು.

ಎಷ್ಟು ಸದ್ದು ಎಷ್ಟು ಹೊತ್ತು ಎಂಬುದಕ್ಕೆ ಲೆಕ್ಕವಿದೆ. ವಯಸ್ಕರಿಗೆ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪ್ರತಿ 3 ಡೆಸಿಬೆಲ್ ಏರಿಕೆಗೆ ಶಬ್ದದ ಶಕ್ತಿ ಇಮ್ಮಡಿಯಾಗುವುದರಿಂದ ಕಾಲ ಅರ್ಧವಾಗಬೇಕು: 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ, 89ಕ್ಕೆ 5 ಗಂಟೆ, 95ಕ್ಕೆ ವಾರಕ್ಕೆಲ್ಲ ಸೇರಿ ಒಂದೂಕಾಲು ಗಂಟೆ ಮಾತ್ರ. ಫೋನಿನ ಧ್ವನಿಯನ್ನು ತುದಿಗೇರಿಸಿದರೆ 100 ಡೆಸಿಬೆಲ್ ದಾಟುವುದುಂಟು. ಹವ್ಯಾಸಕ್ಕೆ ಹಾಡು ಕೇಳುವವನಿಗಾಗಿ ಮಾಡಿದ ಲೆಕ್ಕವಿದು. ದಿನಕ್ಕೆ ಹತ್ತು ಗಂಟೆಯಂತೆ ವಾರಕ್ಕೆ ಆರು ದಿನ ದುಡಿಯುವವನಿಗೆ 80 ಕೂಡ ಹೆಚ್ಚಾಯಿತು. ಅವನು 78ನ್ನು ಮೀರಬಾರದು. ಅಂದರೆ ಸಂಗೀತವನ್ನು ಆನಂದಿಸುವವರಿಗಿಂತ ಸಂಗೀತವನ್ನು ತಯಾರಿಸುವವನು ಮೆಲ್ಲನೆ ಕೇಳಬೇಕು. ಹೊರಗಿನವರು ಊಹಿಸುವುದು ಇದಕ್ಕೆ ತೀರ ವಿರುದ್ಧ.

ಇದು ಕಷ್ಟವೇನಲ್ಲ. ದಣಿಯದ ಕಿವಿಯಿಂದ, ಬೆಳಗಿನ ನಿಶ್ಶಬ್ದದಲ್ಲಿ, ಹಿತವಾದ ಕನಿಷ್ಠ ಮಟ್ಟವನ್ನು ಗುರುತಿಸಿ ಧ್ವನಿಯ ಗುಂಡಿಯ ಮೇಲೆ ಶಾಯಿಯಿಂದ ಗೆರೆ ಎಳೆದಿಡಬೇಕು. ರಾತ್ರಿ ಆ ಗೆರೆಯನ್ನು ದಾಟಬೇಕೆನಿಸಿದರೆ ಅದು ಕಿವಿ ದಣಿದಿರುವುದರ ಸೂಚನೆ, ಬೀಟಿನ ದೋಷವಲ್ಲ. ಮಂದ್ರನಾದದ ಪ್ರಮಾಣವನ್ನು ಕಿವಿಯೊಂದರಿಂದಲೇ ಅಳೆಯದೆ ಕಂಪ್ಯೂಟರಿನ ಪರದೆಯ ಮೇಲೆ ಮೂಡುವ ನಕ್ಷೆಯಿಂದಲೂ ನೋಡಿಕೊಳ್ಳಬಹುದು. ಜೋರಾಗಿ ಕೇಳಿ ಪರೀಕ್ಷಿಸುವುದು ಅನಿವಾರ್ಯವಾದಾಗ ಒಂದು ನಿಮಿಷ ಸಾಕು. ಡ್ರಮ್ ಜೋಡಿಸುವ, ಸ್ವರ ಹುಡುಕುವ ಕೆಲಸಗಳನ್ನು ಹಗಲಿನಲ್ಲಿ ಸಣ್ಣ ಸ್ಪೀಕರಿನಲ್ಲಿ ಮುಗಿಸಿ, ಹೆಡ್‌ಫೋನನ್ನು ಕೊನೆಯ ಪರಿಶೀಲನೆಗೆ ಮೀಸಲಿಟ್ಟರೆ ವಾರದ ಲೆಕ್ಕ ಬಹಳ ಇಳಿಯುತ್ತದೆ. ಗಂಟೆಗೊಮ್ಮೆ ಹತ್ತು ನಿಮಿಷ ಎದ್ದು ಹೋಗುವುದರಿಂದ ಕಿವಿಯೊಂದಕ್ಕೇ ಅಲ್ಲ, ಕತ್ತು ಸೊಂಟಗಳಿಗೂ ಲಾಭವಿದೆ. ಲೋಕಲ್ ರೈಲಿನಲ್ಲಿ ಬೀಟ್ ಕೇಳುತ್ತ ತಿದ್ದುವ ಅಭ್ಯಾಸ ಮಾತ್ರ ಬಿಡಲೇಬೇಕು. ಗಾಲಿಗಳ ಗದ್ದಲವನ್ನು ಮೀರಿಸಲು ಧ್ವನಿ ತಾನಾಗಿ ಏರಿರುತ್ತದೆ. ವೇದಿಕೆಯ ಕಾರ್ಯಕ್ರಮಗಳಿಗೆ ಹೋಗುವಾಗ ಕಿವಿಗೆ ಹತ್ತಿ ಇಟ್ಟುಕೊಂಡರೆ ಪ್ರಯೋಜನ ಅತ್ಯಲ್ಪ. ಸಂಗೀತಗಾರರಿಗೆಂದೇ ತಯಾರಾದ ಕಿವಿಬಿರಡೆಗಳು ದೊರೆಯುತ್ತವೆ. ಅವು ಎಲ್ಲ ನಾದಗಳನ್ನೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ತಗ್ಗಿಸುವುದರಿಂದ ಸಂಗೀತ ಕೆಡುವುದಿಲ್ಲ. ಚೆಂಡೆ ಬಾರಿಸುವ ಕಲಾವಿದರಿಗೂ ಇದು ಉಪಯುಕ್ತ.

ಈ ವೃತ್ತಿಗೆ ಇಳಿಯುವ ಮೊದಲೇ ಒಂದು ಶ್ರವಣಪರೀಕ್ಷೆ ಮಾಡಿಸಿ ಅದರ ನಕ್ಷೆಯನ್ನು ಜೋಪಾನವಾಗಿಡಬೇಕು. ವರ್ಷಕ್ಕೊಮ್ಮೆ ಹೊಸ ನಕ್ಷೆಯನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡಿದರೆ 4,000ದ ಬಳಿ ಹಳ್ಳ ಮೂಡುತ್ತಿದೆಯೇ ಎಂಬುದು ಮಾತಿಗೆ ತೊಡಕಾಗುವ ಎಷ್ಟೋ ಮೊದಲೇ ತಿಳಿಯುತ್ತದೆ. ಮುಂಬಯಿಯಲ್ಲಿ ಬಾಂದ್ರಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ 1983ರಿಂದ ಈ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದೆ. ಊರಿಗೆ ಹೋದಾಗ ಮಾಡಿಸುವವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಪರೀಕ್ಷೆಯ ಹಿಂದಿನ ರಾತ್ರಿ ಹೆಡ್‌ಫೋನ್ ಮುಟ್ಟಬಾರದು, ಇಲ್ಲವಾದರೆ ದಣಿದ ಕಿವಿಯ ನಕ್ಷೆ ಬರುತ್ತದೆ. ಗುಂಯ್‌ಗುಡುವ ಸದ್ದು ಎರಡು ದಿನ ಕಳೆದರೂ ನಿಲ್ಲದಿದ್ದರೆ ವೈದ್ಯರಲ್ಲಿಗೆ ಹೋಗಬೇಕು. ಅದನ್ನು ಪೂರ್ತಿ ಅಳಿಸುವ ಔಷಧಿ ಇಂದಿಗೂ ಇಲ್ಲ. ಆದರೆ ನಿದ್ರೆ ಕೆಡಿಸದಂತೆ ಅದರೊಡನೆ ಬಾಳುವ ಕ್ರಮವನ್ನು ತಜ್ಞರು ಕಲಿಸಬಲ್ಲರು.

ಒಂದು ಸಂದರ್ಭದಲ್ಲಿ ಮಾತ್ರ ಒಂದು ದಿನವೂ ಕಾಯುವಂತಿಲ್ಲ. ಬೆಳಗ್ಗೆ ಎದ್ದಾಗ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಂತಾದರೆ ಕೊಳೆ ಕಟ್ಟಿರಬೇಕೆಂದು ಬಿಸಿ ಎಣ್ಣೆ ಹಾಕುವುದೂ, ಬೆಂಕಿಕಡ್ಡಿ ತಿರುಗಿಸುವುದೂ ಕನ್ನಡ ಮನೆಗಳಲ್ಲಿ ವಾಡಿಕೆ. ಅದು ಒಳಗಿವಿಯ ಹಠಾತ್ ಕಿವುಡಾಗಿರಬಹುದು. ಅದಕ್ಕೆ ಸ್ಟೆರಾಯ್ಡ್ ಚಿಕಿತ್ಸೆ ಮೊದಲ ಕೆಲವು ದಿನಗಳಲ್ಲಿ ಆರಂಭವಾದರೆ ಶ್ರವಣಶಕ್ತಿ ಮರಳುವ ಸಂಭವ ಹೆಚ್ಚು, ವಾರಗಳು ಕಳೆದ ಮೇಲೆ ಕಡಿಮೆ. ಗಿರಾಕಿಯ ಕೆಲಸವನ್ನು ನಾಳೆಗೆ ಬಿಟ್ಟು ಅಂದೇ ಕಿವಿ ಮೂಗು ಗಂಟಲಿನ ವೈದ್ಯರನ್ನು ಕಾಣಬೇಕು.